ಲೋಕಲ್ ಟ್ರೈನ್ ಓಡುವ ಊರಲ್ಲಿ ಹೃದಯದ ಕಾಂತಕ್ಷೇತ್ರ ಅಳೆಯುವುದು ಹೇಗೆ?

ಪ್ರಶ್ನೆ: ನಾನು ಡೊಂಬಿವಲಿಯಲ್ಲಿ ಮೂರನೇ ವರ್ಷದ ಇಂಜಿನಿಯರಿಂಗ್ ಓದುತ್ತಿದ್ದೇನೆ. ಲೇಸರ್ ಮತ್ತು ರುಬಿಡಿಯಂ ಪರಮಾಣು ಬಳಸಿ ಹೃದಯದ ಕಾಂತಕ್ಷೇತ್ರ ಅಳೆಯುತ್ತಾರೆ ಎಂದು ಓದಿದೆ. ಫೋನಿನ ಆಪ್‌ನಲ್ಲಿ ನೋಡಿದರೆ ಭೂಮಿಯ ಕ್ಷೇತ್ರವೇ 42 ಮೈಕ್ರೊಟೆಸ್ಲಾ ತೋರಿಸುತ್ತದೆ. ಸ್ಟೇಷನ್ ಹತ್ತಿರ ಹೋದರೆ ಆ ಅಂಕಿ ಒಂದು ಕಡೆ ನಿಲ್ಲುವುದೇ ಇಲ್ಲ. ಇಂಥ ಕಡೆ ಲಕ್ಷಾಂತರ ಪಟ್ಟು ಚಿಕ್ಕ ಕ್ಷೇತ್ರ ಹೇಗೆ ಸಿಗುತ್ತದೆ? ಎರಡು ಸೆನ್ಸರ್ ಇಟ್ಟು ಒಂದರಿಂದ ಇನ್ನೊಂದನ್ನು ಕಳೆಯುತ್ತಾರಂತೆ. ಹಾಗಾದರೆ ಎರಡು ಅಗ್ಗದ ಸೆನ್ಸರ್ ತಂದು ಕಳೆದರೆ ಆಗಲ್ವಾ? ಲೇಸರ್, ಪರಮಾಣು ಎಲ್ಲ ಯಾಕೆ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ವಿಷಯದ ತಿರುಳು ಅಲ್ಲೇ ಇದೆ. ಕಳೆಯುವುದು ಸುಲಭ, ಕಳೆಯಲು ತಕ್ಕ ಜೋಡಿ ಸಿಗುವುದು ಕಷ್ಟ. ಎರಡೂ ಸೆನ್ಸರ್ ಒಂದೇ ಥರ ಇರಬೇಕು. ಎಷ್ಟು ಒಂದೇ ಥರ ಅಂದರೆ, ಲಕ್ಷದಲ್ಲಿ ಒಂದು ಪಾಲು ಬೇರೆಯಾದರೂ ಜಾಸ್ತಿಯೇ. ಕಾರ್ಖಾನೆಯಿಂದ ಬರುವ ಯಾವ ಎರಡು ವಸ್ತುವೂ ಹಾಗಿರುವುದಿಲ್ಲ. ರುಬಿಡಿಯಂ-87ರ ಎರಡು ಪರಮಾಣುಗಳು ಹಾಗಿರುತ್ತವೆ. ಒಂದು ಡೊಂಬಿವಲಿಯಲ್ಲಿ, ಇನ್ನೊಂದು ಮಂಗಳ ಗ್ರಹದಲ್ಲಿ ಇದ್ದರೂ ಅವು ಕಾಂತಕ್ಷೇತ್ರಕ್ಕೆ ಕೊಡುವ ಉತ್ತರ ಒಂದೇ.

ಮೊದಲು ಅಂಕಿಗಳನ್ನು ಎದುರಿಗೆ ಇಟ್ಟುಕೊಳ್ಳೋಣ. ನಿಮ್ಮ ಫೋನ್ ಸರಿಯಾಗಿಯೇ ಹೇಳಿದೆ. ಮುಂಬೈ ಕಡೆ ಭೂಮಿಯ ಕ್ಷೇತ್ರ 42-43 ಸಾವಿರ ನ್ಯಾನೊಟೆಸ್ಲಾ. ಮೈಕ್ರೊಟೆಸ್ಲಾದ ಸಾವಿರದ ಒಂದು ಭಾಗ ನ್ಯಾನೊಟೆಸ್ಲಾ, ಅದರ ಸಾವಿರದ ಒಂದು ಭಾಗ ಪಿಕೊಟೆಸ್ಲಾ. ಎದೆಯ ಹತ್ತಿರ ಹೃದಯದ ಕ್ಷೇತ್ರ, ಬಡಿತದ ತುದಿಯಲ್ಲಿ, 50ರಿಂದ 100 ಪಿಕೊಟೆಸ್ಲಾ. ಮಿದುಳಿನದು ಒಂದು ಪಿಕೊಟೆಸ್ಲಾಕ್ಕಿಂತಲೂ ಕಡಿಮೆ. ಭೂಮಿಯ ಕ್ಷೇತ್ರವೂ ನಿಂತ ನೀರಲ್ಲ. ನಮ್ಮ ತಲೆಯ ಮೇಲೆ ನೂರು ಕಿಲೋಮೀಟರ್ ಎತ್ತರದಲ್ಲಿ ಹರಿಯುವ ವಿದ್ಯುತ್ತಿನಿಂದ ಅದು ದಿನಕ್ಕೆ ಹತ್ತಾರು ನ್ಯಾನೊಟೆಸ್ಲಾ ಏರಿ ಇಳಿಯುತ್ತದೆ. ಅಂದರೆ ಹೃದಯದ ಸಂಕೇತಕ್ಕಿಂತ ನೂರಾರು ಪಟ್ಟು ದೊಡ್ಡ ಏರಿಳಿತ, ಅದೂ ರೈಲು, ಲಿಫ್ಟ್, ಫ್ಯಾನ್ ಯಾವುದೂ ಇಲ್ಲದಾಗ.

ಈಗ ಕಳೆಯುವ ಲೆಕ್ಕ. ಚಿಕ್ಕ ಕಾಂತವೊಂದರ ಕ್ಷೇತ್ರ ದೂರದ ಘನಕ್ಕೆ ವಿಲೋಮವಾಗಿ ಇಳಿಯುತ್ತದೆ. ದೂರ ಎರಡು ಪಟ್ಟಾದರೆ ಕ್ಷೇತ್ರ ಎಂಟನೇ ಒಂದು ಭಾಗ. ನಿಮ್ಮ ಕಟ್ಟಡದಿಂದ 50 ಮೀಟರ್ ದೂರದಲ್ಲಿ ಒಂದು ಕಾರು ನಿಂತಿದೆ ಅನ್ನಿ. ಅದರ ಉಕ್ಕಿನ ಕಾಂತ ಮಹತ್ವ (ಮ್ಯಾಗ್ನೆಟಿಕ್ ಮೊಮೆಂಟ್, ಅಂದರೆ ಅದು ಎಷ್ಟು ಬಲದ ಕಾಂತ ಎಂಬ ಅಳತೆ) 200 ಆಂಪಿಯರ್-ಚದರ ಮೀಟರ್ ಎಂದು ಹಿಡಿದರೆ, ನಿಮ್ಮ ಟೇಬಲ್ ಮೇಲೆ ಅದರ ಕ್ಷೇತ್ರ ಸುಮಾರು 320 ಪಿಕೊಟೆಸ್ಲಾ. ಹೃದಯದ್ದಕ್ಕಿಂತ ಜಾಸ್ತಿ. ಕಾರು ಹೊರಟರೆ ಅಷ್ಟೂ ಬದಲಾಗುತ್ತದೆ. ಆದರೆ 5 ಸೆಂಟಿಮೀಟರ್ ಅಂತರದಲ್ಲಿ ಎರಡು ಸೆನ್ಸರ್ ಇಟ್ಟು ಕಳೆಯಿರಿ. ಕಾರಿನ ಪಾಲಿಗೆ ಉಳಿಯುವುದು ಸುಮಾರು 1 ಪಿಕೊಟೆಸ್ಲಾ ಮಾತ್ರ. ಹೃದಯದ ಕಥೆ ಬೇರೆ. ಅದು ಮೊದಲ ಸೆನ್ಸರ್‌ಗೆ 10 ಸೆಂಟಿಮೀಟರ್ ದೂರ, ಎರಡನೆಯದಕ್ಕೆ 15. ಹತ್ತಕ್ಕೂ ಹದಿನೈದಕ್ಕೂ ಇರುವ ಅನುಪಾತದ ಘನ ತೆಗೆದರೆ, ಎರಡನೇ ಸೆನ್ಸರ್‌ಗೆ ಸಿಗುವುದು ಮೊದಲಿನದರ 30 ಶೇಕಡಾ. ಕಳೆದ ಮೇಲೂ ಸಂಕೇತದ 70 ಶೇಕಡಾ ನಮ್ಮ ಕೈಯಲ್ಲಿ ಉಳಿಯಿತು. ದೂರದ್ದು ಅಳಿಸಿಹೋಗುತ್ತದೆ, ಹತ್ತಿರದ್ದು ಉಳಿಯುತ್ತದೆ. ಈ ಥರ ವ್ಯತ್ಯಾಸ ಅಳೆಯುವ ಸಾಧನಕ್ಕೆ ಗ್ರೇಡಿಯೋಮೀಟರ್ ಎನ್ನುತ್ತಾರೆ.

ಈ ಉಪಾಯ ಹಳೆಯದು. 1963ರಲ್ಲಿ ಅಮೆರಿಕದ ಬೌಲೆ ಮತ್ತು ಮೆಕ್‌ಫೀ ಹೃದಯದ ಕಾಂತಕ್ಷೇತ್ರವನ್ನು ಮೊದಲ ಬಾರಿ ಹಿಡಿದಾಗ ಅವರ ಬಳಿ ಲೇಸರ್ ಇರಲಿಲ್ಲ. ತಲಾ 20 ಲಕ್ಷ ಸುತ್ತಿನ ಎರಡು ತಂತಿ ಸುರುಳಿಗಳಿದ್ದವು. ಎರಡನ್ನೂ ಎದುರುಬದುರಾಗಿ ಜೋಡಿಸಿದ್ದರು, ದೂರದ ಗದ್ದಲ ತನ್ನಷ್ಟಕ್ಕೇ ಕಳೆದುಹೋಗಲಿ ಎಂದು.

ಹಾಗಾದರೆ ಅಗ್ಗದ ಸೆನ್ಸರ್ ಯಾಕೆ ಸಾಲದು? ಫೋನಿನ ಸೆನ್ಸರ್ ಗುರುತಿಸುವ ಅತಿ ಚಿಕ್ಕ ಬದಲಾವಣೆಯೇ ನೂರು ನ್ಯಾನೊಟೆಸ್ಲಾದ ಆಸುಪಾಸು ಎಂಬುದು ಒಂದು ಕಾರಣ. ಅದು ಎಲ್ಲರಿಗೂ ಹೊಳೆಯುವಂಥದ್ದು. ಅದಕ್ಕಿಂತ ದೊಡ್ಡ ಅಡ್ಡಿ ದಿಕ್ಕು. ಫೋನಿನದಾಗಲಿ, ಫ್ಲಕ್ಸ್‌ಗೇಟ್ ಎಂಬ ದುಬಾರಿ ಕಾಂತಮಾಪಕವಾಗಲಿ, ಒಂದು ಅಕ್ಷದ ಉದ್ದಕ್ಕೂ ಇರುವ ಕ್ಷೇತ್ರವನ್ನಷ್ಟೇ ಅಳೆಯುತ್ತವೆ. ಎರಡು ಸೆನ್ಸರ್‌ಗಳ ಅಕ್ಷ ಒಂದಕ್ಕೊಂದು ಸಮಾನಾಂತರ ಇರಬೇಕು. ಒಂದು ಡಿಗ್ರಿಯ ಹತ್ತನೇ ಒಂದು ಭಾಗ ತಪ್ಪಿದರೂ, 42 ಸಾವಿರ ನ್ಯಾನೊಟೆಸ್ಲಾದ ಕ್ಷೇತ್ರದಲ್ಲಿ ಆ ತಪ್ಪು 73 ನ್ಯಾನೊಟೆಸ್ಲಾವರೆಗೆ ಹೋಗುತ್ತದೆ. ಹೃದಯದ ಸಂಕೇತದ ಸಾವಿರ ಪಟ್ಟು! ಅದು ಸ್ಥಿರವಾಗಿ ನಿಂತರೆ ಹೇಗೋ ತೆಗೆದುಹಾಕಬಹುದಿತ್ತು. ನಿಲ್ಲುವುದಿಲ್ಲ. ಬಿಸಿಲೇರಿದರೆ ಪ್ಲಾಸ್ಟಿಕ್ ಹಿಗ್ಗುತ್ತದೆ, ಪಕ್ಕದಲ್ಲಿ ಯಾರಾದರೂ ನಡೆದರೆ ಟೇಬಲ್ ಅಲುಗುತ್ತದೆ, ಕಳೆದ ಅಂಕಿ ಅದರ ಜೊತೆಗೇ ಓಲಾಡುತ್ತದೆ.

ಪರಮಾಣು ಸೆನ್ಸರ್‌ಗೆ ಈ ತೊಂದರೆ ಬಹುಪಾಲು ಇಲ್ಲ. ಭೂಮಿಯ ಕ್ಷೇತ್ರದಲ್ಲಿ ಕೆಲಸ ಮಾಡುವ ರುಬಿಡಿಯಂ ಸೆನ್ಸರ್ ಕ್ಷೇತ್ರದ ಒಟ್ಟು ಬಲವನ್ನು ಅಳೆಯುತ್ತದೆ. ಡಬ್ಬಿಯನ್ನು ಸ್ವಲ್ಪ ವಾಲಿಸಿದರೆ ಉತ್ತರ ಹೆಚ್ಚುಕಡಿಮೆ ಅದೇ. ಪೂರ್ತಿ ಅದೇ ಎಂದು ಹೇಳಲಾರೆ. ತಿರುಗಿಸಿದಾಗ ಕೆಲವು ನ್ಯಾನೊಟೆಸ್ಲಾ ಸರಿಯುವ ಒಂದು ದೋಷ ಪರಮಾಣುವಿನ ರಚನೆಯಲ್ಲೇ ಇದೆ. ಆದರೆ ಎರಡೂ ಸೆನ್ಸರ್‌ಗಳು ಒಟ್ಟಿಗೆ ವಾಲಿದಾಗ ಆ ದೋಷ ಎರಡರಲ್ಲೂ ಒಂದೇ ಥರ ಬರುತ್ತದೆ, ಕಳೆದಾಗ ಬಹಳಷ್ಟು ಹೋಗುತ್ತದೆ.

ಇನ್ನು ಪರಮಾಣುವಿನ ಒಳಗೆ ನಡೆಯುವುದೇನು? ಈ ಭಾಗ ಹೇಳಲು ನನಗೆ ಯಾವಾಗಲೂ ಖುಷಿ. ಒಂದು ಚಿಕ್ಕ ಗಾಜಿನ ಕೋಶದಲ್ಲಿ ರುಬಿಡಿಯಂ ಇಟ್ಟು ಬಿಸಿ ಮಾಡುತ್ತಾರೆ. ಅದು 39 ಡಿಗ್ರಿಗೇ ಕರಗುವ ಲೋಹ. 100 ಡಿಗ್ರಿಗೆ ಬಂದರೆ ಒಂದು ಘನ ಸೆಂಟಿಮೀಟರಿನಲ್ಲಿ ಲಕ್ಷ ಕೋಟಿಗಳ ಲೆಕ್ಕದಲ್ಲಿ ಪರಮಾಣುಗಳು ಆವಿಯಾಗಿ ತುಂಬಿಕೊಳ್ಳುತ್ತವೆ. ಪ್ರತಿ ಪರಮಾಣುವೂ ಒಂದು ಪುಟ್ಟ ಕಾಂತ, ಒಂದೊಂದು ಒಂದೊಂದು ದಿಕ್ಕಿಗೆ. ಅವನ್ನೆಲ್ಲ ಒಂದೇ ಕಡೆ ತಿರುಗಿಸಬೇಕು. 795 ನ್ಯಾನೊಮೀಟರ್ ಲೇಸರ್ ಬೆಳಕನ್ನು ವೃತ್ತಾಕಾರದ ಧ್ರುವೀಕರಣ ಮಾಡಿ (ಕಂಪನದ ದಿಕ್ಕು ಸುತ್ತುತ್ತಾ ಸಾಗುವ ಹಾಗೆ) ಹಾಯಿಸಿದರೆ ಬೆಳಕಿನ ತಿರುಗು ಪರಮಾಣುಗಳಿಗೆ ದಾಟುತ್ತದೆ, ಅವು ಸಾಲಾಗಿ ಒಂದೇ ದಿಕ್ಕು ಹಿಡಿಯುತ್ತವೆ. ಬೆಳಕಿನಿಂದ ಪರಮಾಣುಗಳನ್ನು ಹೀಗೆ ಸಜ್ಜು ಮಾಡುವ ವಿಧಾನಕ್ಕೆ ದಾರಿ ತೋರಿದ ಫ್ರಾನ್ಸಿನ ಆಲ್ಫ್ರೆಡ್ ಕಾಸ್ಲರ್ ಅವರಿಗೆ 1966ರ ನೊಬೆಲ್ ಬಂತು.

ಸಾಲಾಗಿ ನಿಂತ ಈ ಪರಮಾಣುಗಳು ಕಾಂತಕ್ಷೇತ್ರದ ಸುತ್ತ ಬುಗುರಿ ವಾಲಿ ತಿರುಗಿದ ಹಾಗೆ ತಿರುಗುತ್ತವೆ. ತಿರುಗುವ ವೇಗ ಕ್ಷೇತ್ರದ ಬಲಕ್ಕೆ ಕಟ್ಟುಬಿದ್ದದ್ದು. ರುಬಿಡಿಯಂ-87ಕ್ಕೆ ಪ್ರತಿ ನ್ಯಾನೊಟೆಸ್ಲಾಕ್ಕೆ ಸೆಕೆಂಡಿಗೆ 7 ಸುತ್ತು. ಇಂಥದ್ದೇ ಇನ್ನೊಂದು ಲೋಹವಾದ ಸೀಸಿಯಂಗೆ ಮೂರೂವರೆ. ಮುಂಬೈಯಲ್ಲಿ 42 ಸಾವಿರವನ್ನು ಏಳರಿಂದ ಗುಣಿಸಿ: ಸೆಕೆಂಡಿಗೆ 2 ಲಕ್ಷ 94 ಸಾವಿರ ಸುತ್ತು. ಇಲ್ಲಿ ತಿದ್ದಬೇಕಾದ ಸ್ಕ್ರೂ ಇಲ್ಲ, ಕಾಲಕಾಲಕ್ಕೆ ಹೊಂದಿಸಬೇಕಾದ ಗೇನ್ (ಸಂಕೇತವನ್ನು ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬ ಪ್ರಮಾಣ) ಇಲ್ಲ. ಆ 7 ಎನ್ನುವ ಅಂಕಿ ಪರಮಾಣುವಿನ ಸ್ವಂತದ್ದು. ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಇದೇ.

ಸುತ್ತುಗಳನ್ನು ಎಣಿಸಲು ಎರಡನೇ ಲೇಸರ್ ಬೇಕು. ಇದರ ಬಣ್ಣವನ್ನು ಬೇಕೆಂದೇ ಪರಮಾಣು ಹೀರುವ ಬಣ್ಣದಿಂದ ಸ್ವಲ್ಪ ದೂರ ಇಡುತ್ತಾರೆ, ಪರಮಾಣುಗಳನ್ನು ಕೆದಕದೆ ಸುಮ್ನೆ ನೋಡಿಕೊಂಡು ಹೋಗಲಿ ಎಂದು. ಬೆಳಕು ಒಂದು ಸಮತಲದಲ್ಲಿ ಕಂಪಿಸುತ್ತಾ ಕೋಶದೊಳಗೆ ಹೋಗುತ್ತದೆ. ಪರಮಾಣುಗಳು ಬೆಳಕಿನ ಕಡೆ ಮುಖ ಮಾಡಿದಾಗ ಆ ಸಮತಲ ಒಂದು ಕಡೆ ಕೊಂಚ ತಿರುಗುತ್ತದೆ, ಬೆನ್ನು ತಿರುಗಿಸಿದಾಗ ಇನ್ನೊಂದು ಕಡೆ. ಕಾಂತತ್ವ ಬೆಳಕಿನ ಸಮತಲವನ್ನು ತಿರುಗಿಸಬಲ್ಲದು ಎಂದು ಫ್ಯಾರಡೆ 1845ರಲ್ಲೇ ಗಾಜಿನ ತುಂಡಿನಲ್ಲಿ ತೋರಿಸಿದ್ದರು. ಹೊರಬಂದ ಬೆಳಕನ್ನು ಎರಡಾಗಿ ಸೀಳಿ ಎರಡು ಫೋಟೊಡಯೋಡ್‌ಗೆ ಕೊಡುತ್ತಾರೆ, ಒಂದರಿಂದ ಇನ್ನೊಂದನ್ನು ಕಳೆಯುತ್ತಾರೆ. ಇಲ್ಲೂ ಕಳೆಯುವುದೇ ನೋಡಿ. ಲೇಸರ್‌ನ ಹೊಳಪು ಏರಿಳಿದರೆ ಎರಡೂ ಡಯೋಡ್‌ನಲ್ಲಿ ಒಟ್ಟಿಗೆ ಏರಿಳಿಯುತ್ತದೆ, ವ್ಯತ್ಯಾಸದಲ್ಲಿ ಉಳಿಯುವುದು ತಿರುಗಿದ ಕೋನ ಮಾತ್ರ.

ಹಿಂದೆ ಲೇಸರ್ ಬದಲು ಸೀಸಿಯಂ ಅಥವಾ ರುಬಿಡಿಯಂ ದೀಪ ಬಳಸುತ್ತಿದ್ದರು. ಹಡಗಿನ ಹಿಂದೆ ಎಳೆದುಕೊಂಡು ಹೋಗುವ ಸೀಸಿಯಂ ಮಾಪಕಗಳಲ್ಲಿ ಈಗಲೂ ದೀಪ ಸಿಗುತ್ತದೆ. ಗೋವಾದ ದೋನಾ ಪಾವ್ಲಾದಲ್ಲಿರುವ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯಂಥ ಕಡೆ ಸಮುದ್ರ ತಳದ ಬಂಡೆಗಳ ಕಾಂತತ್ವ ಅಳೆಯುವವರಿಗೆ ಈ ಮಾಪಕಗಳ ಪರಿಚಯ ಚೆನ್ನಾಗಿರುತ್ತದೆ. ನಡುಸಮುದ್ರದಲ್ಲಿ ಭೂಮಿಯ ದಿನದ ಏರಿಳಿತ ತಿದ್ದಲು ಪಕ್ಕದಲ್ಲಿ ಒಂದು ಸ್ಥಿರ ಕೇಂದ್ರ ಇಡಲು ಆಗಲ್ಲ. ಹಾಗಾಗಿ ಒಂದರ ಹಿಂದೆ ಒಂದು ಎರಡು ಸೆನ್ಸರ್ ಎಳೆದು ಕಳೆಯುವ ಪದ್ಧತಿ ಅಲ್ಲೂ ಇದೆ. ಲೇಸರ್ ಬಂದ ಮೇಲೆ ಆದ ದೊಡ್ಡ ಲಾಭ ಎಂದರೆ ಒಂದೇ ಕಿರಣದಿಂದ ಎರಡು ಕೋಶಗಳನ್ನು ಓದಬಹುದು.

ಅದು ಹೇಗೆಂದು ಸ್ವಲ್ಪ ವಿವರಿಸುತ್ತೇನೆ. ಎರಡು ಕೋಶಗಳು, ನಡುವೆ ಕೆಲವು ಸೆಂಟಿಮೀಟರ್. ಒಂದೇ ಲೇಸರ್‌ನ ಚಿಕ್ಕ ಮಿಡಿತ ಎರಡರ ಪರಮಾಣುಗಳನ್ನೂ ಒಂದೇ ಕ್ಷಣದಲ್ಲಿ ಸಜ್ಜು ಮಾಡುತ್ತದೆ. ಮಿಡಿತ ನಿಲ್ಲುತ್ತದೆ. ಈಗ ಪರಮಾಣುಗಳು ತಮ್ಮ ಪಾಡಿಗೆ ತಿರುಗುತ್ತವೆ. ಎರಡು ಕಡೆಯ ಕ್ಷೇತ್ರ ಸರಿಸಮ ಇದ್ದರೆ ಎರಡು ಗುಂಪೂ ಹೆಜ್ಜೆ ತಪ್ಪುವುದಿಲ್ಲ. ಒಂದು ನ್ಯಾನೊಟೆಸ್ಲಾ ವ್ಯತ್ಯಾಸ ಇದ್ದರೆ ಸೆಕೆಂಡಿಗೆ 7 ಸುತ್ತು ಹಿಂದೆಮುಂದೆ ಆಗುತ್ತವೆ. ನಾವು ಓದುವುದು ಈ ಹಿಂದೆಮುಂದೆಯನ್ನು. ಒಂದು ಪಿಕೊಟೆಸ್ಲಾ ವ್ಯತ್ಯಾಸವಾದರೆ, ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಎರಡು ಗುಂಪುಗಳ ನಡುವೆ ಬೀಳುವ ಅಂತರ ಒಂದು ಡಿಗ್ರಿಯ 40ನೇ ಒಂದು ಭಾಗ. ಚಿಕ್ಕದೇ, ಆದರೆ ಬೆಳಕಿನಲ್ಲಿ ಅಳೆಯಲು ಸಾಧ್ಯವಾದ ಚಿಕ್ಕದು. ಒಂದೇ ಕಿರಣ ಎರಡೂ ಕೋಶ ದಾಟಿ ಬರುವ ಹಾಗೆ ಜೋಡಿಸಿದರೆ ಕಳೆಯುವ ಕೆಲಸ ಬೆಳಕಿನಲ್ಲೇ ಮುಗಿಯುತ್ತದೆ. ಆ 42 ಸಾವಿರ ನ್ಯಾನೊಟೆಸ್ಲಾ ಎಲೆಕ್ಟ್ರಾನಿಕ್ಸ್‌ಗೆ ಬರುವ ಮೊದಲೇ ರದ್ದಾಗಿರುತ್ತದೆ. ಎರಡು ಬೇರೆ ಸೆನ್ಸರ್, ಎರಡು ಬೇರೆ ಆಂಪ್ಲಿಫೈಯರ್, ಎರಡು ಬೇರೆ ಗಡಿಯಾರ ಇಟ್ಟುಕೊಂಡು ಕೊನೆಯಲ್ಲಿ ಕಂಪ್ಯೂಟರಿನಲ್ಲಿ ಕಳೆಯುವುದಕ್ಕೂ ಇದಕ್ಕೂ ಅಜಗಜಾಂತರ. ಇಂಥ ಗ್ರೇಡಿಯೋಮೀಟರ್‌ನಿಂದ, ಹೊರಗಿನ ಕಾಂತಕ್ಷೇತ್ರ ತಡೆಯುವ ಯಾವ ಕವಚವೂ ಇಲ್ಲದೆ, ಭೂಮಿಯ ಕ್ಷೇತ್ರದಲ್ಲೇ ಮನುಷ್ಯನ ಹೃದಯ ಮತ್ತು ಮಿದುಳಿನ ಸಂಕೇತ ಹಿಡಿದದ್ದನ್ನು ಅಮೆರಿಕದ ತಂಡವೊಂದು 2020ರಲ್ಲಿ ಪ್ರಕಟಿಸಿತು.

ನೀವು ಓದುವಾಗ ಇನ್ನೊಂದು ಬಗೆಯ ಪರಮಾಣು ಸೆನ್ಸರ್ ಕೂಡ ಸಿಕ್ಕಿರಬಹುದು. ಬಹುತೇಕ ಶೂನ್ಯ ಕ್ಷೇತ್ರದಲ್ಲಿ, ಆವಿಯನ್ನು ಇನ್ನೂ ದಟ್ಟ ಮಾಡಿ ಓದುವಂಥದ್ದು. 2003ರಲ್ಲಿ ಪ್ರಿನ್ಸ್‌ಟನ್‌ನವರು ಇದರಲ್ಲಿ ಪಿಕೊಟೆಸ್ಲಾದ ಸಾವಿರದ ಒಂದು ಭಾಗಕ್ಕಿಂತಲೂ ಕೆಳಗೆ ಇಳಿದರು. ಸೂಕ್ಷ್ಮತೆಯಲ್ಲಿ ಅದೇ ಮುಂದು. ಆದರೆ ಅದಕ್ಕೆ ಕಾಂತ ಕವಚದ ಕೋಣೆ ಬೇಕು, ಆ ಕೋಣೆಗೆ ಬೀಳುವ ಖರ್ಚು ಸೆನ್ಸರ್‌ಗಿಂತ ಜಾಸ್ತಿ. ನಿಮ್ಮ ಪ್ರಶ್ನೆ ಕವಚವಿಲ್ಲದ ಊರಿನದ್ದು. ಅದಕ್ಕೇ ನಾನು ಒಟ್ಟು ಬಲ ಅಳೆಯುವ ಜೋಡಿಯ ಪರ.

ಈಗ ಮುಂಬೈಗೆ ಬರೋಣ. ಈ ಊರಿಗೂ ಕಾಂತಕ್ಷೇತ್ರದ ಅಳತೆಗೂ ಹಳೆಯ ನಂಟು. ಕೊಲಾಬಾ ವೀಕ್ಷಣಾಲಯದಲ್ಲಿ 1841ರಿಂದ ಅಳತೆ ನಡೆಯುತ್ತಿತ್ತು. 1859ರ ಸೆಪ್ಟೆಂಬರ್‌ನ ಮಹಾ ಸೌರ ಬಿರುಗಾಳಿಯಲ್ಲಿ ಅಲ್ಲಿ ದಾಖಲಾದ ಇಳಿತ ಸುಮಾರು 1600 ನ್ಯಾನೊಟೆಸ್ಲಾ. ಜಗತ್ತಿನ ವಿಜ್ಞಾನಿಗಳು ಇವತ್ತಿಗೂ ಆ ದಾಖಲೆ ತೆಗೆದು ನೋಡುತ್ತಾರೆ. ಆಮೇಲೆ ಮುಂಬೈಗೆ ಕುದುರೆ ಟ್ರಾಮ್ ಬದಲು ಕರೆಂಟಿನ ಟ್ರಾಮ್ ತರುವ ತೀರ್ಮಾನವಾಯಿತು. ಕೊಲಾಬಾದಲ್ಲಿ ಇನ್ನು ಅಳೆಯುವುದು ಕಷ್ಟ ಎಂದು ಗೊತ್ತಾಯಿತು. ಆಗ ನಿರ್ದೇಶಕರಾಗಿದ್ದ ನಾನಾಭಾಯ್ ಮೂಸ್ ಅವರ ಮುತುವರ್ಜಿಯಲ್ಲಿ 1904ರಲ್ಲಿ ಕೆಲಸ ಸಮುದ್ರದಾಚೆಯ ಅಲಿಬಾಗ್‌ಗೆ ಹೋಯಿತು. ಅಲ್ಲಿನ ಕಟ್ಟಡಕ್ಕೆ ಊರ ಕಪ್ಪು ಕಲ್ಲು ಬಳಸಲಿಲ್ಲ. ಕಾಂತಗುಣವಿಲ್ಲದ ಪೋರಬಂದರ್ ಕಲ್ಲು ತರಿಸಿದರು. ಇವತ್ತು ಆ ಕೆಲಸ ನೋಡಿಕೊಳ್ಳುವ ಭಾರತೀಯ ಭೂಕಾಂತತ್ವ ಸಂಸ್ಥೆ ಹೊಸ ಪನವೇಲ್‌ನಲ್ಲಿದೆ, ನಿಮಗೆ ದೂರವೇನಲ್ಲ.

ಲೋಕಲ್ ಟ್ರೈನ್ ವಿಷಯದಲ್ಲಿ ಒಂದು ಒಳ್ಳೆಯ ಸುದ್ದಿಯೂ ಇದೆ. ಹಿಂದೆ ಮುಂಬೈ ಲೋಕಲ್‌ಗಳು 1500 ವೋಲ್ಟ್ ಡಿಸಿಯಲ್ಲಿ ಓಡುತ್ತಿದ್ದವು. ಗಾಡಿ ವೇಗ ಹಿಡಿದಂತೆ, ಬ್ರೇಕ್ ಹಾಕಿದಂತೆ ಆ ಕರೆಂಟು ನಿಧಾನವಾಗಿ ಏರಿಳಿಯುತ್ತದೆ, ಒಂದಷ್ಟು ನೆಲದೊಳಗೂ ಹರಿಯುತ್ತದೆ. ಆ ನಿಧಾನ ಏರಿಳಿತ ಹೃದಯದ ಸಂಕೇತ ಇರುವ ಆವರ್ತನದ ಪಟ್ಟಿಯೊಳಗೇ ಬಂದು ಬೀಳುತ್ತದೆ. 2016ರ ಹೊತ್ತಿಗೆ ಎಲ್ಲ ಮಾರ್ಗಗಳೂ 25 ಸಾವಿರ ವೋಲ್ಟ್ ಎಸಿಗೆ ಬದಲಾದವು. ಈಗ ಹೆಚ್ಚಿನ ಗದ್ದಲ 50 ಹರ್ಟ್ಸ್‌ನಲ್ಲಿ ಕೂತಿದೆ. ಹೃದಯದ ಸಂಕೇತದ ಮುಖ್ಯ ಭಾಗ 40 ಹರ್ಟ್ಸ್‌ಗಿಂತ ಕೆಳಗೆ. ಬೇರ್ಪಡಿಸಲು ಜಾಗ ಇಕ್ಕಟ್ಟು, ಆದರೆ ಇದೆ. ಆದರೂ ಕಳೆಯುವುದೊಂದೇ ಸಾಲದು. ಕೋಣೆಯಲ್ಲಿ 50 ಹರ್ಟ್ಸ್‌ನ ಗದ್ದಲ 100 ನ್ಯಾನೊಟೆಸ್ಲಾ ಇದೆ, ನಿಮ್ಮ ಜೋಡಿ ಅದನ್ನು ಸಾವಿರ ಪಟ್ಟು ತಗ್ಗಿಸುತ್ತದೆ ಅನ್ನಿ. ಉಳಿದದ್ದು 100 ಪಿಕೊಟೆಸ್ಲಾ, ಹೃದಯದಷ್ಟೇ. ಫಿಲ್ಟರ್ ಹಾಕಲೇಬೇಕು, ನೂರಾರು ಬಡಿತಗಳನ್ನು ಇಸಿಜಿ ಜೊತೆ ಹೊಂದಿಸಿ ಸರಾಸರಿ ತೆಗೆಯಲೇಬೇಕು.

ನನ್ನನ್ನು ಕೇಳಿದರೆ ರೈಲಿಗಿಂತ ಜಾಸ್ತಿ ಹೆದರಬೇಕಾದ್ದು ನಿಮ್ಮ ಕಾಲೇಜಿನ ಆರ್‌ಸಿಸಿ ಕಂಬಕ್ಕೆ. ರೈಲು ದೂರದ್ದು, ಕಳೆದರೆ ಹೋಗುತ್ತದೆ. ಕಂಬದೊಳಗಿನ ಕಬ್ಬಿಣ ಹತ್ತಿರದ್ದು. ಅದು ಕೋಣೆಯಲ್ಲಿ ಮೀಟರಿಗೆ ಸಾವಿರ ನ್ಯಾನೊಟೆಸ್ಲಾ ಇಳಿಜಾರು ಉಂಟುಮಾಡಿದ್ದರೆ, ಸೆನ್ಸರ್ ಒಂದು ಮೈಕ್ರಾನ್ ಅಲುಗಿದರೂ ಪ್ರತಿ ಕೋಶದ ಅಂಕಿ ಒಂದು ಪಿಕೊಟೆಸ್ಲಾ ಬದಲಾಗುತ್ತದೆ. ಇನ್ನೂ ಒಂದು ಕೇಡು ಇದೆ. ಒಂದು ಸೆಂಟಿಮೀಟರ್ ಕೋಶದ ಈ ತುದಿಗೂ ಆ ತುದಿಗೂ 10 ನ್ಯಾನೊಟೆಸ್ಲಾ ವ್ಯತ್ಯಾಸ ಬಿದ್ದರೆ, ಒಳಗಿನ ಪರಮಾಣುಗಳೇ ಸೆಕೆಂಡಿಗೆ 70 ಸುತ್ತು ಬೇರೆಬೇರೆಯಾಗಿ ತಿರುಗುತ್ತವೆ. ಕೆಲವೇ ಮಿಲಿಸೆಕೆಂಡಿನಲ್ಲಿ ಸಾಲು ಚದುರಿಹೋಗುತ್ತದೆ, ಅಳೆಯಲು ಸಮಯವೇ ಸಿಗುವುದಿಲ್ಲ. ಪುಣೆಯಲ್ಲಾದರೆ ಬಯಲಿಗೆ ಹೋದರೂ ಪೂರ್ತಿ ಬಿಡುಗಡೆ ಇಲ್ಲ. ಕಾಲಡಿಯ ದಖ್ಖನ್ ಬಸಾಲ್ಟ್ 6.6 ಕೋಟಿ ವರ್ಷಗಳ ಹಿಂದೆ ತಣ್ಣಗಾದಾಗಿನ ಕಾಂತತ್ವವನ್ನು ಈಗಲೂ ಹೊತ್ತುಕೊಂಡಿದೆ. ಹಾಗಾಗಿ ಜಾಗ ಆರಿಸುವುದು ಅರ್ಧ ಕೆಲಸ: ಕಂಬದಿಂದ ದೂರ, ಕಬ್ಬಿಣದ ಟೇಬಲ್ ಬೇಡ, ಮರ ಅಥವಾ ಅಲ್ಯುಮಿನಿಯಂ ಸ್ಟ್ಯಾಂಡ್, ಹಿತ್ತಾಳೆ ಸ್ಕ್ರೂ.

ಕೂರುವ ದಿಕ್ಕೂ ಮುಖ್ಯ. ಒಟ್ಟು ಬಲ ಅಳೆಯುವ ಸೆನ್ಸರ್‌ಗೆ ಹೃದಯದ ಕ್ಷೇತ್ರದಲ್ಲಿ ಕಾಣುವುದು ಭೂಮಿಯ ಕ್ಷೇತ್ರದ ಉದ್ದಕ್ಕೂ ಇರುವ ಭಾಗ ಮಾತ್ರ. ಎದೆಯಿಂದ ನೇರ ಹೊರಬರುವ ಭಾಗವನ್ನು ಹಿಡಿಯುವುದು ವಾಡಿಕೆ. ಮುಂಬೈಯಲ್ಲಿ ಭೂಮಿಯ ಕ್ಷೇತ್ರ ಉತ್ತರಕ್ಕೆ ಮುಖ ಮಾಡಿ, ಸುಮಾರು 26 ಡಿಗ್ರಿ ಮಾತ್ರ ಕೆಳಕ್ಕೆ ಬಾಗಿದೆ. ಉತ್ತರಕ್ಕೋ ದಕ್ಷಿಣಕ್ಕೋ ಮುಖ ಮಾಡಿ ನೇರ ಕೂತರೆ ಆ ಭಾಗದ 90 ಶೇಕಡಾ ಸಿಗುತ್ತದೆ. ಅಂಗಾತ ಮಲಗಿದರೆ ಅರ್ಧವೂ ಸಿಗುವುದಿಲ್ಲ. ಲಂಡನ್ ಕಡೆ ಕ್ಷೇತ್ರ 65 ಡಿಗ್ರಿಗಿಂತ ಜಾಸ್ತಿ ಬಾಗಿರುವುದರಿಂದ ಅಲ್ಲಿ ಮಲಗಿಸುವುದೇ ಒಳ್ಳೆಯದು. ಅಲ್ಲಿನವರ ವಿಧಾನ ಓದಿ ಇಲ್ಲಿ ಹಾಗೇ ಮಾಡಲು ಹೋಗಬೇಡಿ.

ಇನ್ನು ನಿಮ್ಮ ಕೈಯಲ್ಲಿ ಆಗುವುದೇನು? ರುಬಿಡಿಯಂ ಕೋಶ, ಎರಡು ಲೇಸರ್, ಹೀಟರ್ ಇರುವ ಪ್ರಯೋಗ ಮೂರನೇ ವರ್ಷದ ಪ್ರಾಜೆಕ್ಟ್‌ಗೆ ಭಾರ. 795 ನ್ಯಾನೊಮೀಟರ್ ಬೆಳಕು ಕಣ್ಣಿಗೆ ಹೆಚ್ಚುಕಡಿಮೆ ಕಾಣುವುದೇ ಇಲ್ಲ, ಅದಕ್ಕೇ ಅಪಾಯ ಜಾಸ್ತಿ. ತಕ್ಕ ಕನ್ನಡಕ ಮತ್ತು ಅನುಭವಿಗಳ ಜೊತೆ ಇಲ್ಲದೆ ಮುಟ್ಟಬೇಡಿ. ರಾಷ್ಟ್ರೀಯ ಕ್ವಾಂಟಮ್ ಮಿಷನ್‌ನಲ್ಲಿ ಸಂವೇದನೆ ಮತ್ತು ಮಾಪನದ ಕೇಂದ್ರ ಐಐಟಿ ಬಾಂಬೆಯಲ್ಲೇ ಇದೆ. ಈ ದಾರಿ ಹಿಡಿಯುವ ಆಸೆ ಇದ್ದರೆ ಅಲ್ಲಿನ ಇಂಟರ್ನ್‌ಶಿಪ್ ಪ್ರಕಟಣೆಗಳ ಮೇಲೆ ಕಣ್ಣಿಡಿ.

ಅದಕ್ಕೂ ಮೊದಲು ನೀವೇ ಹೇಳಿದ ಅಗ್ಗದ ಸೆನ್ಸರ್‌ಗಳಿಂದ ಒಂದು ಒಳ್ಳೆಯ ಪ್ರಯೋಗ ಮಾಡಿ. ಒಂದು ಮರದ ಪಟ್ಟಿಯ ಮೇಲೆ ಎರಡು ಸೆನ್ಸರ್ ಬೋರ್ಡ್‌ಗಳನ್ನು 5 ಸೆಂಟಿಮೀಟರ್ ಅಂತರದಲ್ಲಿ ಕೂರಿಸಿ. ಒಂದು ಚಿಕ್ಕ ನಿಯೋಡಿಮಿಯಂ ಕಾಂತವನ್ನು ಅದೇ ಗೆರೆಯಲ್ಲಿ ಹತ್ತಿರದ ಸೆನ್ಸರ್‌ನಿಂದ 20 ಸೆಂಟಿಮೀಟರ್‌ನಿಂದ 60ರವರೆಗೆ ಸರಿಸುತ್ತಾ ಹೋಗಿ. ಪ್ರತಿ ಜಾಗದಲ್ಲೂ ಕಾಂತ ಇಟ್ಟು ಒಮ್ಮೆ, ತೆಗೆದು ಒಮ್ಮೆ ಓದಿ, ನೂರಾರು ಓದುಗಳ ಸರಾಸರಿ ತೆಗೆಯಿರಿ. ಒಂದು ಸೆನ್ಸರ್‌ನ ಅಂಕಿಯನ್ನೂ ಎರಡರ ವ್ಯತ್ಯಾಸವನ್ನೂ ಎರಡೂ ಅಕ್ಷ ಲಾಗ್ ಇರುವ ಗ್ರಾಫ್‌ನಲ್ಲಿ ಹಾಕಿ. ವ್ಯತ್ಯಾಸಕ್ಕೆ ದೂರವನ್ನು ಎರಡು ಸೆನ್ಸರ್‌ಗಳ ನಡುಬಿಂದುವಿನಿಂದ ಲೆಕ್ಕ ಹಾಕಿ. ಮೊದಲನೆಯ ಗೆರೆ 3ರ ಇಳಿಜಾರಿನಲ್ಲಿ ಬೀಳಬೇಕು, ಎರಡನೆಯದು 4ರಲ್ಲಿ. ಎರಡನೆಯದು ಕಾಂತ ದೂರ ಹೋದಂತೆ 4 ಬಿಟ್ಟು 3ರ ಕಡೆ ವಾಲಿದರೆ ನಿಮ್ಮ ಎರಡು ಸೆನ್ಸರ್‌ಗಳ ಗೇನ್ ಬೇರೆಬೇರೆ ಇದೆ ಎಂದು ಅರ್ಥ. ಆಗ ಎರಡನ್ನೂ ಸರದಿಯಲ್ಲಿ ಒಂದೇ ಜಾಗದಲ್ಲಿಟ್ಟು ಅದೇ ಕಾಂತಕ್ಕೆ ಓದಿಸಿ, ಅನುಪಾತ ಬರೆದುಕೊಂಡು, ಅದರಿಂದ ತಿದ್ದಿ ಮತ್ತೆ ಕಳೆಯಿರಿ.